ಎರಡು ಗ್ರಾಂ ಕಾಗೆಬಂಗಾರ

ಗುರುವಾರ, ಬೆಳಿಗ್ಗೆ
ಬೈಂಡಿಂಗ್ ಅಂಗಡಿಯಿಂದ

ನನ್ನ ಕಾಗೆಬಂಗಾರವೇ,

ಹೀಗೆ ನಿನ್ನನ್ನು ಕರೆದು ಹತ್ತೊಂಬತ್ತು ವರ್ಷವಾಯಿತು. ಒಂದು ಹಾಳೆಯಲ್ಲಿ 'ಪ್ರೊಫೆಸರ್ ಅವರಿಗೆ' ಎಂದು ಬರೆದು ನೋಡಿದೆ, ರಜೆ ಚೀಟಿಯಂತೆ ಕಂಡಿತು. ಇನ್ನೊಂದರಲ್ಲಿ ಬರೀ 'ನಮಸ್ಕಾರ' ಎಂದು ಬರೆದೆ, ಅದೂ ಒಗ್ಗಲಿಲ್ಲ. ಎರಡು ಒಳ್ಳೆಯ ಹಾಳೆ ದಂಡವಾದವು. ಅಭ್ರಕವನ್ನು ಹಳಬರು ಕಾಗೆಬಂಗಾರ ಎನ್ನುತ್ತಿದ್ದರು ಎಂದು ನಾನು ಹೇಳಿದ ದಿನ ನೀನು ಕುರ್ಚಿಯಿಂದ ಬೀಳುವಷ್ಟು ನಕ್ಕಿದ್ದೆ, ಆವತ್ತಿನಿಂದ ಅದೇ ನಿನ್ನ ಹೆಸರಾಯಿತು. ಆ ಹೆಸರಿನಿಂದಲೇ ಶುರು ಮಾಡುತ್ತೇನೆ. ಪತ್ರ ಓದಿ ಮುಗಿಸಿದ ಮೇಲೆ ನನಗೆ ಆ ಹಕ್ಕಿಲ್ಲ ಎನಿಸಿದರೆ ಮೊದಲ ಸಾಲನ್ನು ಹೊಡೆದುಹಾಕು.

ನನ್ನ ಆರೋಗ್ಯದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಸೂಜಿಗೆ ದಾರ ಪೋಣಿಸಲು ಈಗ ಎರಡು ಕನ್ನಡಕ ಬೇಕು. ಮಂಡಿ ಕೇಳಿದಾಗಲೆಲ್ಲ ಕೆಲಸ ನಿಲ್ಲಿಸುತ್ತೇನೆ. ನಿನ್ನ ಆರೋಗ್ಯವನ್ನು ಕೇಳುವುದಿಲ್ಲ, ಏಕೆಂದರೆ ಮಗಳು ಹೇಳಿದಳು. ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ.

ಮೊನ್ನೆ ಭಾನುವಾರ ಅವಳು ಬಂದಿದ್ದಳು. ಚಹಾ ಕುಡಿದು ಮುಗಿಸಿದಳು. ಆಮೇಲೆ ಲೋಟ ತೊಳೆಯುತ್ತಾ, ನನಗೆ ಬೆನ್ನು ತಿರುಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. ನಿನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಈಗ ಲೇಸರ್ ಯಂತ್ರದಲ್ಲಿ ಅಭ್ರಕದ ಒಂದೊಂದೇ ಚಕ್ಕೆಯ ವಯಸ್ಸು ನೋಡುತ್ತಾಳಂತೆ. ನಿನ್ನ ಹೆಸರನ್ನು ಮೇಲಕ್ಕೆತ್ತಿದ ಆ ಹಳೆಯ ಮಾದರಿಯಲ್ಲಿ, ಪ್ರಯೋಗಾಲಯಕ್ಕೆ ಕಳಿಸಿ ಮಿಕ್ಕ ಒಂದು ಚಿಟಿಕೆ ನಿನ್ನ ಬಳಿಯೇ ಉಳಿದಿತ್ತಂತೆ, ಅದನ್ನು ನೀನೇ ಬೀರುವಿನ ತಳದಿಂದ ಹುಡುಕಿ ತೆಗೆದು ಅವಳ ಕೈಗೆ ಕೊಟ್ಟೆಯಂತೆ. ಅದರಲ್ಲಿ ಹತ್ತಕ್ಕೆ ಏಳು ಚಕ್ಕೆಗಳು ಐವತ್ತು ಕೋಟಿ ವರ್ಷದವು, ಮೂರು ಇನ್ನೂರು ಕೋಟಿ ವರ್ಷದವು. ಒಂದೇ ಕಲ್ಲಿನಲ್ಲಿ ಹೀಗೆ ಇರಲು ಸಾಧ್ಯವೇ ಇಲ್ಲ, ಯಾರೋ ಬೆರೆಸಿದ್ದಾರೆ, ಹೆಸರು ಮಾಡುವ ಆಸೆಗೆ ಬೇಕೆಂದೇ ಬೆರೆಸಿದ್ದಾರೆ ಎಂದು ನಿಮ್ಮ ಸಂಸ್ಥೆಯಲ್ಲಿ ಮಾತು ಎದ್ದು, ಮೂವರ ಸಮಿತಿ ಕೂತಿದೆಯಂತೆ.

ಸಮಿತಿಯ ಮುಂದೆ ನೀನು ಏನು ಹೇಳುತ್ತೀಯ ಎಂದು ಮಗಳು ಕೇಳಿದ್ದಾಳೆ. ಅದಕ್ಕೆ ನೀನು ಕೊಟ್ಟ ಉತ್ತರವನ್ನು ಅವಳು ನನಗೆ ಹಾಗೆಯೇ ಒಪ್ಪಿಸಿದಳು. "ಆ ಪೊಟ್ಟಣ ನನ್ನ ಕೈ ಬಿಟ್ಟು ಬೇರೆ ಯಾರ ಕೈಗೂ ಹೋಗಿಲ್ಲ. ಕಲ್ಲಂತೂ ಸುಳ್ಳು ಹೇಳಲ್ಲ. ಹಾಗಾದ್ರೆ ಸುಳ್ಳು ಹೇಳಿರೋದು ನಾನೇ ಇರಬೇಕು."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಪ್ಪೊಪ್ಪಿಗೆಗೆ ಸಹಿ ಹಾಕುತ್ತೀಯಂತೆ. ಹಾಕಬೇಡ. ಆ ಪೊಟ್ಟಣ ಇನ್ನೊಂದು ಕೈಗೆ ಹೋಗಿತ್ತು. ಬೆರೆಸಿದವನು ನಾನು.

ಇಷ್ಟು ಬರೆಯಲು ನನಗೆ ಮೂವತ್ತೆರಡು ವರ್ಷ ಹಿಡಿಯಿತು. ಕೋಟಿಗಳಲ್ಲಿ ಎಣಿಸುವ ನಿನಗೆ ಅದೇನು ಮಹಾ ಎನಿಸಬಹುದು. ಮನುಷ್ಯನ ಬಾಳಿನಲ್ಲಿ ಅದು ಹೆಚ್ಚುಕಡಿಮೆ ಎಲ್ಲವೂ ಹೌದು. ಈಗ ಮೊದಲಿನಿಂದ ಹೇಳುತ್ತೇನೆ, ಕೆಲವು ನಿನಗೆ ಗೊತ್ತಿರುವುದೇ ಇದೆ. ಆದರೂ ಹೇಳುತ್ತೇನೆ, ಸಮಿತಿಯವರಿಗೆ ಈ ಪತ್ರವನ್ನು ತೋರಿಸಬೇಕಾದೀತು.

ನೀನು ಮೊದಲ ಸಲ ಈ ಅಂಗಡಿಗೆ ಬಂದದ್ದು ಪುಸ್ತಕ ಕಟ್ಟಿಸಲು ಅಲ್ಲ, ಕಾಗದವನ್ನು ಮುಟ್ಟಿ ನೋಡಲು. ಬೆನ್ನಿಗೆ ಚೀಲ, ಸೊಂಟಕ್ಕೆ ಸುತ್ತಿಗೆ, ಬೂಟಿನ ತುಂಬ ಕೆಂಪು ಮಣ್ಣು. ಇದ್ದಬದ್ದ ಹಾಳೆಗಳನ್ನೆಲ್ಲ ತೆಗೆಸಿ ಬೆರಳಿನ ಹಿಂಬದಿಯಿಂದ ಸವರಿದೆ. ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದು, ನಾನು ಆಗಷ್ಟೇ ಒರೆಸಿದ್ದ ಮೇಜಿನ ಮೇಲೆ ಕಲ್ಲಿನ ಪುಡಿ ಸುರಿದೆ. ಯಾವುದೋ ತಲೆಕೆಟ್ಟ ಗಿರಾಕಿ ಎಂದುಕೊಂಡೆ. ನೀನು ನುಣುಪಾದ ಒಂದು ರಟ್ಟಿನ ಹಾಳೆಯನ್ನು ಓರೆಯಾಗಿ ಹಿಡಿದು, ಮೇಲೆ ಒಂದು ಚಿಟಿಕೆ ಪುಡಿ ಹಾಕಿ, ಕೆಳಗಿನಿಂದ ಬೆರಳಲ್ಲಿ ತಟ್ಟಿದೆ. ಗುಂಡಗಿನ ಬೆಣಚು ಕಣಗಳೆಲ್ಲ ಉರುಳಿ ಬಿದ್ದವು. ಚಪ್ಪಟೆ ಚಕ್ಕೆಗಳು ಮಾತ್ರ ಹಾಳೆಯನ್ನು ಕಚ್ಚಿಕೊಂಡು ನಿಂತವು. ಮೊರದಲ್ಲಿ ಕೇರಿದ ಹಾಗೆ ಎಂದೆ ನಾನು. ನೀನು ತಲೆ ಎತ್ತಿ ನನ್ನನ್ನು ನೋಡಿದ್ದು ಆಗಲೇ.

ಅಭ್ರಕದ ದಪ್ಪ ಹರಳನ್ನು ನಿಮ್ಮ ವಿದ್ಯೆಯವರು ಪುಸ್ತಕ ಎಂದೇ ಕರೆಯುತ್ತಾರೆಂದು ನೀನು ಹೇಳಿದಾಗ ನಾನು ನಂಬಲಿಲ್ಲ. ಮುಂದಿನ ವಾರ ಒಂದನ್ನು ತಂದು ನನ್ನ ಚಾಕುವಿನಿಂದಲೇ ಹಾಳೆ ಹಾಳೆಯಾಗಿ ಬಿಡಿಸಿ ತೋರಿಸಿದೆ. ಹೊಲಿಗೆಯಿಲ್ಲ, ಅಂಟಿಲ್ಲ, ಅಂಥ ಪುಸ್ತಕವನ್ನು ನಾನು ಕಂಡಿರಲಿಲ್ಲ. ಇದರೊಳಗೆ ಕಲ್ಲಿನ ವಯಸ್ಸು ಬರೆದಿರುತ್ತದೆ ಎಂದೆ ನೀನು. ಪೊಟ್ಯಾಸಿಯಂ ಎಂಬುದು ಬಹಳ ನಿಧಾನವಾಗಿ ಒಂದು ಅನಿಲವಾಗುತ್ತದೆ, ಆ ಅನಿಲ ಹಾಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಅದನ್ನು ಅಳೆದರೆ ಗ್ರಾನೈಟ್ ತಣ್ಣಗಾಗಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ನನಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕಾಗಿ ಮದುವೆಯಾದೆ. ನನ್ನ ಕೈಯಲ್ಲಿ ಸದಾ ಅಂಟು ಇರುತ್ತಿದ್ದುದಕ್ಕೆ ನೀನು ನನ್ನನ್ನು ಅಂಟಪ್ಪನವರು ಎಂದೆ.

ನಮ್ಮ ಸಂಸಾರ ನಡೆದದ್ದು ಎರಡು ಕೋಣೆಗಳಲ್ಲಿ. ಮುಂದಿನದರಲ್ಲಿ ಒಲೆ, ಮೇಜು, ಮಗಳ ತೊಟ್ಟಿಲು, ಆಮೇಲೆ ಮಗಳ ಮಂಚ. ಹಿಂದಿನದರಲ್ಲಿ ನಾವು ಮತ್ತು ಕಲ್ಲುಗಳು. ಹಾಸಿಗೆಯ ಕೆಳಗೆ ಕಲ್ಲು, ಬೀರುವಿನಲ್ಲಿ ಸೀರೆಯ ಪಕ್ಕ ಕಲ್ಲು. ಬೆಟ್ಟದಲ್ಲಿ ಕಲ್ಲಿನ ಮುರಿದ ಮೈಯನ್ನು ನೀನು ನಾಲಿಗೆಯಿಂದ ನೆಕ್ಕಿ ನೋಡುವುದನ್ನು ಕಂಡು ಮಗಳು ಮನೆಯಲ್ಲಿ ಗೋಡೆ ನೆಕ್ಕಿದಳು. ಒದ್ದೆಯಾದರೆ ಹರಳು ಚೆನ್ನಾಗಿ ಕಾಣುತ್ತದೆ ಎಂದು ಅವಳು ನನಗೇ ಪಾಠ ಹೇಳಿದಳು. ನಾವು ಸುಖವಾಗಿದ್ದೆವು. ಇದನ್ನು ನಾನು ಯಾವತ್ತೂ ನಿನಗೆ ಹೇಳಿರಲಿಲ್ಲ, ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಆ ಬೇಸಿಗೆ ನಿನಗೆ ನೆನಪಿರಬೇಕು. ಪಡುವಣ ಬೆಟ್ಟದ ಬಿಳಿ ಗ್ರಾನೈಟಿನಿಂದ ನೀನು ಮೂರು ಮಾದರಿ ತಂದಿದ್ದೆ. ದೂರದ ಪ್ರಯೋಗಾಲಯದವರು ಪ್ರತಿಯೊಂದರಿಂದಲೂ ಆರು ಗ್ರಾಂ ಶುದ್ಧ ಬಿಳಿ ಅಭ್ರಕ ಬೇಕು ಎಂದಿದ್ದರು. ಎರಡು ಮುಗಿದಿದ್ದವು. ಮೂರನೆಯದನ್ನು ಮನೆಯಲ್ಲೇ, ಮೇಜಿನ ಮೇಲೆ ಆರಿಸುತ್ತಿದ್ದೆ. ನನ್ನ ಹಾಳೆಯ ಮೇಲೆ ತಟ್ಟುವುದು, ನಿಂತದ್ದನ್ನು ಭೂತಗನ್ನಡಿಯ ಕೆಳಗೆ ಇಡುವುದು, ಒದ್ದೆ ಸೂಜಿಯ ತುದಿಯಿಂದ ಒಂದೊಂದೇ ಚಕ್ಕೆ ಎತ್ತುವುದು. ಐದು ವಾರ. ಮೇಜಿನ ಮೇಲೆ ಅಭ್ರಕ ಇರುವಷ್ಟು ದಿನ ಫ್ಯಾನ್ ಹಾಕಬಾರದು ಎಂಬುದು ಮನೆಯ ಕಾನೂನು. ಮಗಳು ಕೂಡ ಜೋರಾಗಿ ಸೀನುತ್ತಿರಲಿಲ್ಲ. ಅಂಥ ಸೆಕೆಯಲ್ಲಿ ಕಿಟಕಿ ಮುಚ್ಚಿಕೊಂಡು ಬದುಕಿದೆವು.

ಐದನೆಯ ವಾರದ ಕೊನೆಗೆ, ಒಂದು ಮಧ್ಯಾಹ್ನ, ನಾನು ಊಟಕ್ಕೆಂದು ಅಂಗಡಿ ಮುಚ್ಚಿ ಮನೆಗೆ ಬಂದೆ. ಮಗಳು ಪಕ್ಕದ ಮನೆಯಲ್ಲಿದ್ದಳು. ನೀನು ಮಗಳ ಮಂಚದ ಮೇಲೆ ಕಾಲು ಮಡಚಿಕೊಂಡು ನಿದ್ದೆ ಹೋಗಿದ್ದೆ, ಸೂಜಿ ಇನ್ನೂ ಬೆರಳ ಸಂದಿಯಲ್ಲಿತ್ತು. ಮೇಜಿನ ಮೇಲೆ ಅಗಲಿಸಿದ ಹಾಳೆ, ಅದರ ನಡುವೆ ಮುಗಿದ ಅಭ್ರಕದ ಗುಡ್ಡೆ, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಚೀಟಿ, ಆರು ಪಾಯಿಂಟ್ ಒಂದು ಗ್ರಾಂ ಎಂದು. ಪೊಟ್ಟಣ ಕಟ್ಟುವುದಷ್ಟೇ ಬಾಕಿ. ನನಗೆ ಸೆಕೆ ತಡೆಯಲಾಗಲಿಲ್ಲ. ಒಂದನೇ ನಂಬರಿಗೆ ಹಾಕಿದರೆ ಏನೂ ಆಗುವುದಿಲ್ಲ ಎಂದುಕೊಂಡು ಫ್ಯಾನ್ ಹಾಕಿದೆ.

ಆ ಹಳೆಯ ಫ್ಯಾನು ಒಂದನೇ ನಂಬರನ್ನು ಯಾವತ್ತು ಕೇಳಿತ್ತು? ಒಮ್ಮೆ ಗುರುಗುಟ್ಟಿ, ಆಮೇಲೆ ಒಮ್ಮೆಲೇ ರಭಸವಾಗಿ ತಿರುಗಿತು. ಅಭ್ರಕ ಮೇಲೆದ್ದಿತು. ಕಿಟಕಿಯ ಸಂದಿಯಿಂದ ಬಂದ ಬಿಸಿಲಿನಲ್ಲಿ ಕೋಣೆ ತುಂಬ ಮಿಣಿಮಿಣಿ ಹೊಳೆಯಿತು. ಚೆನ್ನಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿತ್ತು. ಸ್ವಿಚ್ ಆರಿಸಿ, ಹಾಳೆಯ ಮೇಲೆ ಎರಡೂ ಕೈ ಮುಚ್ಚಿ ನಿಂತೆ. ನೀನು ಕಣ್ಣು ಮುಚ್ಚಿಕೊಂಡೇ, ಏನಾಯ್ತು ಎಂದು ಕೇಳಿದೆ.

"ಏನಿಲ್ಲ, ಮಲಗು" ಎಂದೆ.

ನಾನು ಹೇಳಿದ ಸುಳ್ಳು ಅಷ್ಟೇ. ಅದೊಂದನ್ನು ಕಾಯಲು ಮಿಕ್ಕವನ್ನೆಲ್ಲ ಹೇಳಬೇಕಾಯಿತು.

ಉಳಿದದ್ದನ್ನು ನಿನ್ನ ತಕ್ಕಡಿಯಲ್ಲಿ ತೂಗಿದೆ. ನಾಲ್ಕು ಪಾಯಿಂಟ್ ಎರಡು. ಹತ್ತಿರ ಹತ್ತಿರ ಎರಡು ಗ್ರಾಂ ಹಾರಿಹೋಗಿತ್ತು, ಐದು ವಾರದಲ್ಲಿ ಹನ್ನೊಂದು ದಿನದ ಕೆಲಸ. ನಿನ್ನ ಮುಖ ನೋಡಿದೆ, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಎಬ್ಬಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಗೋಡೆಯ ಹಲಗೆಯ ಮೇಲೆ ನಿನ್ನ ಅಭ್ಯಾಸದ ಡಬ್ಬಿ ಇತ್ತು, ಹುಡುಗರಿಗೆ ಆರಿಸುವುದನ್ನು ಕಲಿಸಲು ಮೂಡಣ ಕಣಿವೆಯಿಂದ ತಂದ ಬಿಳಿ ಅಭ್ರಕ. ಬಣ್ಣ ಒಂದೇ, ಹೊಳಪು ಒಂದೇ, ಚಕ್ಕೆಯ ಗಾತ್ರವೂ ಒಂದೇ. ಅಭ್ರಕ ಎಂದರೆ ಅಭ್ರಕ ತಾನೇ ಎಂದುಕೊಂಡೆ. ದಾರ ಸಾಲದಿದ್ದರೆ ಇನ್ನೊಂದು ಉಂಡೆಯಿಂದ ಎಳೆದು ಗಂಟು ಹಾಕುವುದು ನಮ್ಮ ಕಸುಬು. ತೂಕ ಆರು ಪಾಯಿಂಟ್ ಒಂದಕ್ಕೆ ಬರುವವರೆಗೆ ಡಬ್ಬಿಯಿಂದ ಸುರಿದೆ. ಒಂದು ಪುಸ್ತಕದ ಹಾಳೆಗಳನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅರ್ಧ ಅರ್ಥವಾದವನು ಮಾಡುವ ತಪ್ಪು ಅದು.

ಆಮೇಲೆ ಎಷ್ಟೋ ದಿನ ಮನೆ ಗುಡಿಸಿದೆ. ಮದುವೆಯಾಗಿ ಆರು ವರ್ಷಕ್ಕೆ ಗಂಡನ ಕೈಗೆ ಪೊರಕೆ ಸಿಕ್ಕಿತು ಎಂದು ನೀನು ಅಕ್ಕಪಕ್ಕದವರಿಗೆಲ್ಲ ಹೇಳಿ ನಕ್ಕೆ. ನಾನೂ ನಕ್ಕೆ.

ಐದು ತಿಂಗಳಿಗೆ ಪ್ರಯೋಗಾಲಯದಿಂದ ಕಾಗದ ಬಂತು. ನೀನು ಅದನ್ನು ಹಿಡಿದುಕೊಂಡು ಅಂಗಡಿಗೆ ಓಡಿ ಬಂದೆ. ಎರಡು ಮಾದರಿ ಐವತ್ತು ಕೋಟಿ ವರ್ಷ ಎಂದಿದ್ದವು, ಎಲ್ಲರೂ ಊಹಿಸಿದ್ದಷ್ಟೇ. ಮೂರನೆಯದು ನೂರ ಹತ್ತು ಕೋಟಿ. ನೀನು ಕುಳಿತುಕೊಳ್ಳದೆ ವಿವರಿಸಿದೆ. ಅಭ್ರಕಕ್ಕೆ ಮತ್ತೆ ಬಿಸಿ ತಗುಲಿದರೆ ಅನಿಲ ಸೋರಿಹೋಗಿ ಕಲ್ಲು ಇರುವುದಕ್ಕಿಂತ ಚಿಕ್ಕ ವಯಸ್ಸಿನದಾಗಿ ಕಾಣುತ್ತದೆ. ಹಾಗಾಗಿ ಅತಿ ಹಳೆಯ ಅಂಕಿಯೇ ನಿಜದ ಅಂಕಿ. "ಆ ಎರಡು ಕಲ್ಲು ಮರೆತುಬಿಟ್ಟಿವೆ, ಇದೊಂದಕ್ಕೆ ನೆನಪಿದೆ" ಎಂದೆ. ಡಬ್ಬಿಯಲ್ಲಿದ್ದುದಕ್ಕೆ ಎಷ್ಟು ವಯಸ್ಸು ಎಂದು ನಾನು ಸುಮ್ಮನೆ ಕೇಳುವವನಂತೆ ಕೇಳಿದೆ. ಅದು ಬಿಡಿ, ಇನ್ನೂರು ಕೋಟಿ, ಅಜ್ಜಿಯ ಕಾಲದ್ದು ಎಂದು ನೀನು ನಕ್ಕೆ. ಅಷ್ಟು ಹೇಳಿ ನೀನು ನನ್ನ ಕೈ ಹಿಡಿದುಕೊಂಡೆ, ಕೈ ತುಂಬ ಅಂಟಿದ್ದರೂ.

ಆವತ್ತೇ ಹೇಳಬೇಕಿತ್ತು. ಆಗ ಹೇಳಿದ್ದರೆ ನೀನು ಒಂದು ವಾರ ಮಾತು ಬಿಡುತ್ತಿದ್ದೆ, ಮತ್ತೆ ಐದು ವಾರ ಕುಳಿತು ಆರಿಸುತ್ತಿದ್ದೆ, ಮುಗಿದುಹೋಗುತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಯ ಹೊತ್ತಿಗೆ ನಿನ್ನ ಗುರುಗಳಿಗೆ ಗೊತ್ತಾಗಿತ್ತು, ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ನೀನು ಮಾತಾಡಿಯಾಗಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನನ್ನದಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮರುವರ್ಷ ನಿನ್ನ ಪ್ರಬಂಧದ ಐದು ಪ್ರತಿಗಳನ್ನು ನಾನೇ ಕಟ್ಟಿದೆ. ನಿನ್ನ ಸ್ವಂತದ ಪ್ರತಿಗೆ ಕಂದು ಬಟ್ಟೆಯ ರಟ್ಟು ಹಾಕಿದೆ. ಅದರ ಬೆನ್ನು ಯಾಕೋ ಉಬ್ಬಿದೆ, ಅಂಟಪ್ಪನವರ ಕೈ ಕೆಟ್ಟಿದೆ ಎಂದು ನೀನು ಕಾಲೆಳೆದೆ.

ಆಮೇಲಿನದು ನಿನ್ನ ಕಥೆ, ನಿನಗೇ ಚೆನ್ನಾಗಿ ಗೊತ್ತು. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ನೀನು ಬೇರೆಯವರ ಹಾಗೆ ಆ ಅಂಕಿಯ ಮೇಲೆ ಕುಳಿತು ಉಣ್ಣಲಿಲ್ಲ. ಅದನ್ನು ಮತ್ತೆ ಕಾಣಬೇಕೆಂದು ವರ್ಷ ವರ್ಷ ಆ ಬೆಟ್ಟಕ್ಕೆ ಹೋದೆ. ಹದಿನೇಳು ಕಲ್ಲು ಅಳೆಸಿದೆ. ಹದಿನೇಳೂ ಐವತ್ತು ಕೋಟಿ ಎಂದವು. ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಅಚ್ಚು ಹಾಕಿಸಿದೆ, ವಿರೋಧಿಗಳಿಗೆ ನಿನ್ನ ಕೈಯಾರೆ ದೊಣ್ಣೆ ಕೊಟ್ಟೆ. ಆ ಒಂದು ಕಲ್ಲು ಬಂದ ಜಾಗ ಬೆಟ್ಟದಲ್ಲಿ ಎಲ್ಲೋ ಇದೆ, ಸಿಗುತ್ತದೆ ಎನ್ನುತ್ತಿದ್ದೆ. ಅದು ನಮ್ಮ ಅಡುಗೆಮನೆಯ ಹಲಗೆಯ ಮೇಲಿತ್ತು. ಸಮಿತಿಯವರು ಇದನ್ನು ಓದುವುದಾದರೆ ಈ ಹದಿನೇಳನ್ನು ಎರಡು ಸಲ ಓದಲಿ. ಬೇಕೆಂದು ಬೆರೆಸಿದವಳು ತನ್ನ ಸುಳ್ಳನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತಾಳೆಯೇ?

ಎಂಟನೆಯ ವರ್ಷ ಬಂಡೆಯಿಂದ ಜಾರಿ ನಿನ್ನ ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ನಿನ್ನ ಕಾಲಿಗೆ ಹಾಕಿದ ಬಿಳಿ ಕಟ್ಟಿನ ಮೇಲೆ ಮಗಳು ಬಣ್ಣದ ಪೆನ್ಸಿಲಿನಿಂದ ಬೆಟ್ಟ ಬರೆದಳು. ಆಗ ನಾನು ಹೇಳಲೆಂದೇ ಮಂಚದ ಪಕ್ಕ ಬಂದು ಕುಳಿತೆ. ಬಾಯಿ ತೆರೆದೆ. ನೀನು ನನ್ನ ಮುಖ ನೋಡಿ, ಅಳಬೇಡಿ, ಕಾಲು ಕೂಡಿಕೊಳ್ಳುತ್ತೆ ಅಂದಿದ್ದಾರೆ ಎಂದು ನನಗೇ ಸಮಾಧಾನ ಹೇಳಿದೆ. ನಾನು ಮತ್ತೆ ಬಾಯಿ ಮುಚ್ಚಿದೆ. ಈಗಲೂ ಮೆಟ್ಟಿಲಿಳಿಯುವಾಗ ನೀನು ಆ ಕಾಲನ್ನು ಓರೆ ಇಡುತ್ತೀಯ ಎಂದು ಮಗಳು ಹೇಳುತ್ತಾಳೆ. ಅದು ನನ್ನ ಲೆಕ್ಕಕ್ಕೆ ಸೇರಿದ್ದು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಅಂಕಿ ಕಾಲೇಜಿನ ಪಠ್ಯಪುಸ್ತಕಕ್ಕೆ ಬಂದಿತ್ತಲ್ಲ, ಆ ಪುಸ್ತಕದ ಹರಿದ ಪ್ರತಿಗಳು ಗ್ರಂಥಾಲಯದಿಂದ ನನ್ನ ಅಂಗಡಿಗೇ ಬರುತ್ತಿದ್ದವು. ನೂರ ಹತ್ತು ಕೋಟಿ ಎಂದು ಅಚ್ಚಾದ ಪುಟ ಹರಿದಿದ್ದರೆ ತೆಳು ಕಾಗದ ಹಚ್ಚಿ, ಭಾರ ಹೇರಿ, ಒಣಗಿಸಿ ಕೊಡುತ್ತಿದ್ದೆ. ಸುಳ್ಳನ್ನು ಅಂಟು ಹಚ್ಚಿ ಭದ್ರ ಮಾಡಿದವನು ನಾನು.

ನಿನ್ನ ಸನ್ಮಾನದ ದಿನ ನಾನು ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲವರೆಗೆ ಬಂದಿದ್ದೆ. ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ನನ್ನ ಎರಡು ಗ್ರಾಮಿಗೆ ಎಲ್ಲರೊಂದಿಗೆ ಚಪ್ಪಾಳೆ ತಟ್ಟುವುದು ನನ್ನಿಂದ ಆಗಲಿಲ್ಲ. ಅಂಗಿ ಬಿಚ್ಚಿ ಅಂಗಡಿಗೆ ಹೋದೆ. ನೀನು ಹೂಮಾಲೆಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಬಂದು ಕೇಳಿದೆ. "ನಿಮಗೆ ನನ್ನ ಹೆಸರು ಕಂಡ್ರೆ ಆಗಲ್ಲ, ಅಲ್ವಾ?"

"ಹೌದು, ಆಗಲ್ಲ" ಎಂದೆ. ಅಷ್ಟು ಸುಲಭವಾದ ಬಾಗಿಲು ಸಿಕ್ಕಿತ್ತು, ನುಗ್ಗಿದೆ. ನೀನು ಹೊಟ್ಟೆಕಿಚ್ಚಿನ ಗಂಡನನ್ನು ಬಿಟ್ಟು ಹೋದೆ ಎಂದು ಊರು ತಿಳಿಯಿತು, ನೀನೂ ತಿಳಿದೆ. ಅದು ಪೂರಾ ಸುಳ್ಳೂ ಅಲ್ಲ. ನಿನ್ನನ್ನು ಹುಡುಕಿಕೊಂಡು ದೊಡ್ಡ ದೊಡ್ಡವರು ಬಂದಾಗ, ನಾನು ಚಹಾ ತಂದಿಡುವವನಾದಾಗ, ಚುಚ್ಚುತ್ತಿತ್ತು. ನೀನು ಪೆಟ್ಟಿಗೆ ಕಟ್ಟುತ್ತಿದ್ದ ದಿನ ನಿಜ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು, ತಪ್ಪೊಪ್ಪಿಕೊಳ್ಳಲು ಅಲ್ಲ, ನಿನ್ನನ್ನು ನೋಯಿಸಲು. ತಡೆದುಕೊಂಡೆ. ದೊಡ್ಡತನದಿಂದಲ್ಲ, ಹೇಳಿದರೆ ಸಣ್ಣವನಾಗುವವನು ನಾನೇ ಎಂದು. ನೀನು ಕಲ್ಲುಗಳನ್ನೂ ಆ ಕಂದು ರಟ್ಟಿನ ಪ್ರತಿಯನ್ನೂ ತೆಗೆದುಕೊಂಡು ಹೋದೆ, ಪಾತ್ರೆಗಳನ್ನೆಲ್ಲ ನನಗೆ ಬಿಟ್ಟೆ.

ಈಗ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನಿನ್ನ ಮರ್ಯಾದೆ ಉಳಿಯುತ್ತದೆ, ನಿನ್ನ ನೂರ ಹತ್ತು ಕೋಟಿ ಉಳಿಯುವುದಿಲ್ಲ. ಒಂದನ್ನು ಕೊಡುವ ಕೈಯಿಂದಲೇ ಇನ್ನೊಂದನ್ನು ಕಿತ್ತುಕೊಳ್ಳುತ್ತಿದ್ದೇನೆ. ಮೂವತ್ತೆರಡು ವರ್ಷ ನೀನು ಇಲ್ಲದ ಕಲ್ಲನ್ನು ಹುಡುಕಿದೆ, ಅದನ್ನು ವಾಪಸು ಕೊಡಲು ನನ್ನ ಬಳಿ ಏನೂ ಇಲ್ಲ. ಕ್ಷಮಿಸು ಎಂದು ಕೇಳಲು ಕೂಡ ಈ ಪತ್ರ ಬರೆಯುತ್ತಿಲ್ಲ. ಆದರೆ ಒಂದು ಮಾತು. ಆ ಹುಡುಗಿ ಹತ್ತಕ್ಕೆ ಏಳು ಚಕ್ಕೆ ಐವತ್ತು ಕೋಟಿಯವು ಎಂದಳಲ್ಲ, ಆ ಏಳೂ ನೀನು ಆರಿಸಿದವು. ಒಂದೂ ತಪ್ಪಿಲ್ಲ. ಐದು ವಾರದಲ್ಲಿ ನಿನ್ನ ಸೂಜಿ ಒಂದು ತಪ್ಪು ಚಕ್ಕೆ ಎತ್ತಿರಲಿಲ್ಲ. ನಿನ್ನ ಕೈ ಸುಳ್ಳು ಹೇಳಲಿಲ್ಲ, ಕಲ್ಲೂ ಹೇಳಲಿಲ್ಲ. ಸುಳ್ಳು ಹೇಳಿದವನು ಇಲ್ಲಿ ಕುಳಿತು ಬರೆಯುತ್ತಿದ್ದಾನೆ.

ಈ ಪತ್ರವನ್ನು ಮಗಳು ಶನಿವಾರ ತಂದು ಕೊಡುತ್ತಾಳೆ. ಅವಳಿಗೂ ಹೇಳಿದ್ದೇನೆ. ಇದನ್ನು ನೀವು ಅಮ್ಮನಿಗೆ ಮೊದಲು ಹೇಳಬೇಕಿತ್ತು, ನನಗಲ್ಲ ಎಂದಳು. ಸರಿಯಾದ ಮಾತು. ಗಂಡ ಹೆಂಡತಿಯನ್ನು ಉಳಿಸಲು ಕಟ್ಟಿದ ಕಥೆ ಇದು ಎಂದು ಆ ಮೂವರು ಹೇಳಬಹುದು. ಸೋಮವಾರ ಒಂಬತ್ತು ಗಂಟೆಗೆ ನಿಮ್ಮ ಸಂಸ್ಥೆಯ ಕಲ್ಲಿನ ಮೆಟ್ಟಿಲ ಬಳಿ ನಿಂತಿರುತ್ತೇನೆ, ಒಳಗೆ ಕರೆದರೆ ಬಂದು ಹೇಳುತ್ತೇನೆ. ನೀನು ನನ್ನನ್ನು ನೋಡಬೇಕೆಂದೇನಿಲ್ಲ, ಪಕ್ಕದಿಂದ ಹತ್ತಿ ಹೋಗು. ಕಾಲು ಜೋಪಾನ.

ಇಂತಿ,
ಆವತ್ತು "ಏನಿಲ್ಲ" ಎಂದವನು,
ಅಂಟಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದೆ. ನನ್ನ ಬಾಯಿಮಾತನ್ನು ಅವರು ನಂಬದಿದ್ದರೆ ನಿನ್ನ ಕಂದು ರಟ್ಟಿನ ಪ್ರತಿಯನ್ನು ತೆಗೆ. ನೀನು ಉಬ್ಬಿದೆ ಎಂದಿದ್ದೆಯಲ್ಲ, ಆ ಬೆನ್ನಿನೊಳಗೆ ಒಂದು ಪೊಟ್ಟಣ ಇದೆ. ಆವತ್ತು ಹಾರಿಹೋದ ನಿನ್ನ ಅಭ್ರಕ. ನೆಲದ ಬಿರುಕಿನಿಂದ, ಕಿಟಕಿಯ ದಂಡೆಯಿಂದ, ಮಗಳ ಹೊದಿಕೆಯಿಂದ, ನನ್ನ ಅಂಗಿಯ ತೋಳಿನಿಂದ ಆರಿಸಿದ್ದು. ಒಂದು ಗ್ರಾಮಿಗೆ ಸ್ವಲ್ಪ ಕಡಿಮೆ, ಧೂಳೂ ಸೇರಿದೆ. ಆ ಹುಡುಗಿಗೆ ಒಂದೊಂದು ಚಕ್ಕೆ ಸಾಕಂತೆ. ಪೊಟ್ಟಣದ ಮೇಲೆ ಆವತ್ತಿನ ತಾರೀಖಿದೆ, ಒಳಗೆ ನನ್ನ ಕೈಬರಹದ ಚೀಟಿಯಿದೆ. ಮೇಲೆ ನಾನು ನನಗೆ ಸೆಕೆ ತಡೆಯಲಾಗಲಿಲ್ಲ ಎಂದು ಬರೆದಿದ್ದೇನೆ, ಚೀಟಿಯಲ್ಲಿ ಹಾಗಿಲ್ಲ. ನಿದ್ದೆಯಲ್ಲಿ ನಿನ್ನ ಹಣೆ ಬೆವರುತ್ತಿತ್ತು, ಅದಕ್ಕೇ ಹಾಕಿದೆ ಎಂದಿದೆ. ಸಮಿತಿಯವರು ಯಾವುದನ್ನು ಬೇಕಾದರೂ ನಂಬಲಿ, ನೀನು ಚೀಟಿಯನ್ನು ನಂಬು.

ಅಡುಗೆಮನೆಯ ಚಾಕು ಬೇಡ, ಹೊಸ ಬ್ಲೇಡ್ ತಗೋ. ಬೆನ್ನಿನ ಎಡಗಡೆಯ ಮಡಿಕೆಯಲ್ಲಿ, ಮೇಲಿನಿಂದ ಕೆಳಕ್ಕೆ, ಒಂದೇ ಸಲ ಎಳೆ. ಬಿಚ್ಚುವಾಗ ಫ್ಯಾನ್ ಹಾಕಬೇಡ.